ಜಗಳ ಮೊದಲು, ಹಾರಾಟ ಆಮೇಲೆ: ಹದಿಹರೆಯದ ಸೂಪರ್‌ಹೀರೋ ಕಾಮಿಕ್‌ನ ಮೊದಲ ಸಂಚಿಕೆ ಮಾಡುವ ಬಗೆ

ಕಾಮಿಕ್ ಮಾಡಬೇಕು ಅಂತ ಹೊರಟವರ ನೋಟ್‌ಬುಕ್ಕಿನ ಮೊದಲ ಪುಟ ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ. ಸಾಲಾಗಿ ನಿಂತ ಐದು ಜನ, ಬೆನ್ನಿಗೊಂದು ಹಾರುವ ಬಟ್ಟೆ, ಪ್ರತಿಯೊಬ್ಬರ ಕೆಳಗೂ ಅವರ ಶಕ್ತಿ ಏನೆಂಬ ಟಿಪ್ಪಣಿ. ಬೆಂಕಿ, ನೀರು, ಗಾಳಿ, ಮಿಂಚು. ಐದನೆಯವನಿಗೆ ಏನೂ ಉಳಿಯದೆ ‘ವೇಗ’. ಎರಡನೇ ಪುಟ ಖಾಲಿ.

ನನ್ನದೂ ಹಾಗೇ ಇತ್ತು. ಎರಡು ವರ್ಷ ಖಾಲಿ ಇತ್ತು. ಪಾತ್ರಗಳ ಬಟ್ಟೆಯ ಬಣ್ಣ ನಾಲ್ಕು ಸಲ ಬದಲಾಯಿತು, ಕತೆ ಮಾತ್ರ ಒಂದಿಂಚೂ ಮುಂದೆ ಹೋಗಲಿಲ್ಲ. ಕೊನೆಗೆ ಗೆಳೆಯನೊಬ್ಬನ ಜೊತೆ ಸೇರಿ ಹದಿನಾರು ಪುಟದ ಒಂದು ಸಂಚಿಕೆ ಅಚ್ಚು ಹಾಕಿಸಿದ ಮೇಲೆ ಗೊತ್ತಾಗಿದ್ದನ್ನು, ಕೆಲಸ ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ. ನಾವು ಮಾಡಿದ ಕ್ರಮ ಬೇರೆ ಇತ್ತು, ಅದಕ್ಕೇ ಅಷ್ಟು ಒದ್ದಾಡಿದ್ದು.

ಹೆಜ್ಜೆ 1: ಇವರು ಯಾಕೆ ಒಟ್ಟಿಗಿದ್ದಾರೆ?

ಚಿತ್ರ ಬರೆಯುವ ಮೊದಲು ಈ ಪ್ರಶ್ನೆಗೆ ಒಂದೇ ವಾಕ್ಯದಲ್ಲಿ ಉತ್ತರ ಬರೆಯಿರಿ. ‘ಜಗತ್ತನ್ನು ಕಾಪಾಡಲು’ ಅಂತ ಬರೆದರೆ ಹೊಡೆದು ಹಾಕಿ. ಹದಿನಾರು ವರ್ಷದವರು ಜಗತ್ತನ್ನು ಕಾಪಾಡಲು ಒಟ್ಟಾಗುವುದಿಲ್ಲ. ಒಂದೇ ಬಸ್ಸು, ಒಂದೇ ಟ್ಯೂಷನ್, ಒಂದೇ ಗುಟ್ಟು ಅವರನ್ನು ಒಟ್ಟು ಮಾಡುತ್ತದೆ.

ಅಮೆರಿಕದ ಕಾಮಿಕ್‌ಗಳಲ್ಲಿ ಈ ಬಗೆಯ ತಂಡಗಳಿಗೆ ಅರವತ್ತು ವರ್ಷ ದಾಟಿದ ಇತಿಹಾಸವಿದೆ. ಅವುಗಳಲ್ಲಿ ಉಳಿದುಕೊಂಡವಕ್ಕೆಲ್ಲ ಈ ಪ್ರಶ್ನೆಗೆ ನೇರ ಉತ್ತರವಿತ್ತು. 1963ರಲ್ಲಿ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಎಕ್ಸ್-ಮೆನ್ ಶುರು ಮಾಡಿದಾಗ ಐದು ಹದಿಹರೆಯದವರನ್ನು ಒಂದು ವಸತಿ ಶಾಲೆಗೆ ಹಾಕಿದರು. ಶಾಲೆ ಅಂದ ಮೇಲೆ ಮೇಷ್ಟ್ರು, ಶಿಸ್ತು, ಜಗಳ, ಊಟದ ಕೋಣೆ ಎಲ್ಲ ತಾನಾಗಿ ಬಂತು. 1964ರಲ್ಲಿ ರಾಬಿನ್, ಕಿಡ್ ಫ್ಲ್ಯಾಶ್, ಆಕ್ವಾಲ್ಯಾಡ್ ಎಂಬ ಮೂವರು ಮೊದಲ ಬಾರಿ ಜೊತೆಯಾದರು. ಮೂವರೂ ದೊಡ್ಡ ಹೀರೋಗಳ ಬಾಲಂಗೋಚಿಗಳು. ಅವರ ಮೊದಲ ಕತೆ ನಡೆಯುವ ಊರಿನಲ್ಲೂ ಹಿರಿಯರಿಗೂ ಹುಡುಗರಿಗೂ ತಿಕ್ಕಾಟ. ಮರುವರ್ಷ ಆ ತಂಡಕ್ಕೆ ‘ಟೀನ್ ಟೈಟನ್ಸ್’ ಎಂಬ ಹೆಸರು ಬಿತ್ತು. 2003ರಲ್ಲಿ ಬಂದ ‘ರನ್‌ಅವೇಸ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತಮ್ಮ ಅಪ್ಪ ಅಮ್ಮಂದಿರೇ ಕೇಡಿಗರು ಅಂತ ಮಕ್ಕಳಿಗೆ ಗೊತ್ತಾಗುತ್ತದೆ, ಮನೆ ಬಿಟ್ಟು ಓಡುತ್ತಾರೆ. ಇಷ್ಟು ಹೇಳಿದರೆ ಸಾಕು, ಮುಂದೇನಾಯಿತು ಅಂತ ಕೇಳಬೇಕೆನಿಸುತ್ತದೆ. ಯಾರಿಗೆ ಯಾವ ಶಕ್ತಿ ಅಂತ ನಾನಿನ್ನೂ ಹೇಳೇ ಇಲ್ಲ ನೋಡಿ.

ಹೆಜ್ಜೆ 2: ತೊಂದರೆ ಬರೆಯಿರಿ, ಅದರಿಂದ ಶಕ್ತಿ ತೆಗೆಯಿರಿ

ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಮನೆಯ ತೊಂದರೆ, ಎರಡನೆಯದರಲ್ಲಿ ಶಕ್ತಿ, ಮೂರನೆಯದರಲ್ಲಿ ಆ ಶಕ್ತಿಗೆ ತೆರಬೇಕಾದ ಬೆಲೆ. ಎಡದಿಂದ ಬಲಕ್ಕೇ ತುಂಬಬೇಕು, ಶಕ್ತಿಯಿಂದ ಶುರು ಮಾಡಕೂಡದು.

ಉದಾಹರಣೆಗೆ ನಮ್ಮ ಸಂಚಿಕೆಯ ತಂಡವನ್ನೇ ನೋಡೋಣ. ಮಲೆನಾಡಿನ ಹಳ್ಳಿಗಳಿಂದ ಸಾಗರದ ಕಾಲೇಜಿಗೆ ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಬರುವ ನಾಲ್ಕು ಪಿಯುಸಿ ಮಕ್ಕಳು.

ಒಬ್ಬಳ ಮನೆಯಲ್ಲಿ ಅಪ್ಪ ಅಮ್ಮ ರಾತ್ರಿಯೆಲ್ಲ ಪಿಸುದನಿಯಲ್ಲಿ ಸಾಲದ ಮಾತಾಡುತ್ತಾರೆ, ಮಗಳು ನಿದ್ದೆ ಬಂದಂತೆ ಬಿದ್ದಿರುತ್ತಾಳೆ. ಅವಳಿಗೆ ಸುತ್ತ ಒಂದು ಕಿಲೋಮೀಟರಿನ ಮಾತೆಲ್ಲ ಕೇಳಿಸುತ್ತದೆ. ಬೆಲೆ ಏನೆಂದರೆ ಅದನ್ನು ನಿಲ್ಲಿಸಲು ಬರುವುದಿಲ್ಲ, ಕಿವಿಗೆ ಹತ್ತಿ ಇಟ್ಟುಕೊಂಡೇ ತಿರುಗಬೇಕು. ಇನ್ನೊಬ್ಬ ಕಬಡ್ಡಿ ಹುಡುಗ. ಸಿಟ್ಟು ಕಡಿಮೆ ಮಾಡ್ಕೋ ಅಂತ ಹೇಳದವರೇ ಇಲ್ಲ. ಸಿಟ್ಟು ಬಂದರೆ ಬಂಡೆಯಷ್ಟು ಭಾರವಾಗುತ್ತಾನೆ, ಆದರೆ ಆಗ ಅವನಿಗೆ ಅಲ್ಲಾಡಲೂ ಆಗುವುದಿಲ್ಲ. ಬಸ್ಸಿನಲ್ಲಿ ಸಿಟ್ಟು ಬಂತೋ, ಟೈರು ಹೋಯಿತು. ಮೂರನೆಯವಳು ಎರಡು ವರ್ಷಕ್ಕೊಮ್ಮೆ ವರ್ಗವಾಗುವ ನೌಕರರ ಮಗಳು, ಯಾವ ಶಾಲೆಯಲ್ಲೂ ಯಾರಿಗೂ ಅವಳ ಹೆಸರು ನೆನಪಿಲ್ಲ. ಬೇಕೆಂದಾಗ ಎದುರಿನವರು ತನ್ನನ್ನು ಮರೆಯುವಂತೆ ಮಾಡಬಲ್ಲಳು. ಆದರೆ ಪ್ರತಿ ಸಲವೂ ಅವಳ ಕುರಿತ ಒಂದು ನೆನಪು ಅವರಲ್ಲಿ ಶಾಶ್ವತವಾಗಿ ಅಳಿಯುತ್ತದೆ. ನಾಲ್ಕನೆಯವನಿಗೆ ಶಕ್ತಿಯೇ ಇಲ್ಲ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಅಷ್ಟೇ. ಉಳಿದ ಮೂವರ ಗುಟ್ಟೂ ಅವನ ಹತ್ತಿರ ಇದೆ.

ಇಲ್ಲಿಗೆ ಅರ್ಧ ಕತೆ ಆಯಿತು. ಆ ನಾಲ್ಕನೆಯವನನ್ನು ಯಾವ ತಂಡದಿಂದಲೂ ಬಿಡಬೇಡಿ. ಓದುವವರು ತಂಡದೊಳಗೆ ಹೊಕ್ಕುವುದೇ ಅವನ ಹೆಗಲ ಮೇಲೆ ಕೈ ಹಾಕಿಕೊಂಡು.

ಎಷ್ಟು ಜನ ಇರಬೇಕು? ಮೊದಲ ಸಂಚಿಕೆಗೆ ನಾಲ್ಕೇ ಸಾಕು. ಐದಾದರೆ ಪ್ರತಿ ಪ್ಯಾನೆಲಿನಲ್ಲೂ (ಪುಟದ ಒಂದೊಂದು ಚಿತ್ರದ ಚೌಕದಲ್ಲೂ) ಒಬ್ಬರು ಸುಮ್ಮನೆ ಹಿಂದೆ ನಿಂತಿರುತ್ತಾರೆ, ಅವರನ್ನೂ ಬಿಡಿಸಲೇಬೇಕು. ಏಳು ಜನರ ತಂಡ ಮಾಡಿದ ನನ್ನ ಇನ್ನೊಬ್ಬ ಗೆಳೆಯ ಮೂರನೇ ಪುಟದಲ್ಲಿ ಇಬ್ಬರನ್ನು ‘ಊರಿಗೆ ಹೋಗಿದ್ದಾರೆ’ ಅಂತ ಕಳಿಸಿದ.

ಹೆಜ್ಜೆ 3: ಒಳಗಿನ ಜಗಳ, ಹೊರಗಿನ ಗಂಡಾಂತರ

ಮೊದಲ ಸಂಚಿಕೆಗೆ ಅನ್ಯಗ್ರಹದವರು ಬೇಡ. ಒಂದು ಸಣ್ಣ, ಗಟ್ಟಿ ತೊಂದರೆ ಸಾಕು, ಆದರೆ ತಂಡದವರು ಅದಕ್ಕೆ ಬೇರೆ ಬೇರೆ ಉತ್ತರ ಹೇಳುವಂತಿರಬೇಕು. ನಮ್ಮ ಉದಾಹರಣೆಯಲ್ಲಿ: ಶಾಲೆ ಮಕ್ಕಳು ಹಳ್ಳ ದಾಟುವ ಹೊಸ ಕಾಲುಸಂಕ (ನಡೆದು ದಾಟುವ ಕಿರುಸೇತುವೆ) ಈ ಮಳೆಗಾಲ ತಡೆಯುವುದಿಲ್ಲ ಅಂತ ಗುತ್ತಿಗೆದಾರ ಯಾರಿಗೋ ಹೇಳುವುದು ಕಿವಿಯ ಹುಡುಗಿಗೆ ಕೇಳಿಸುತ್ತದೆ. ಹೇಳಿದರೆ ‘ನಿನಗೆ ಹೇಗೆ ಗೊತ್ತು?’ ಅನ್ನುತ್ತಾರೆ. ಹೇಳದಿದ್ದರೆ ಮಕ್ಕಳು. ಒಬ್ಬ ಹೊಡೆಯೋಣ ಅನ್ನುತ್ತಾನೆ, ಒಬ್ಬಳು ಮರೆಸೋಣ ಅನ್ನುತ್ತಾಳೆ, ಒಬ್ಬ ಹೋಗಿ ನಿಜ ಹೇಳೋಣ ಅನ್ನುತ್ತಾನೆ. ಸಂಕ ಬೀಳುವ ದೃಶ್ಯ ಎಷ್ಟೇ ಚೆನ್ನಾಗಿ ಬರೆದರೂ, ಓದುಗ ಎರಡನೇ ಸಂಚಿಕೆ ಕೇಳುವುದು ಈ ಮೂವರಲ್ಲಿ ಯಾರ ಮಾತು ನಡೆಯಿತು ಅನ್ನುವುದಕ್ಕೆ.

ಹೆಜ್ಜೆ 4: ನೆರಳು ನೋಡಿ ಗುರುತು ಹಿಡಿಯುವಂತಿರಲಿ

ನಾಲ್ವರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ ಒಳಗೆಲ್ಲ ಕಪ್ಪು ಬಳಿಯಿರಿ. ಯಾರು ಯಾರೆಂದು ಗೊತ್ತಾಗಬೇಕು. ಎತ್ತರ, ಕೂದಲು, ನಿಲ್ಲುವ ರೀತಿ, ಬ್ಯಾಗ್ ಹಾಕುವ ರೀತಿ, ಇಷ್ಟರಲ್ಲೇ ವ್ಯತ್ಯಾಸ ತರಬೇಕು. ಎರಡು ಸೆಂಟಿಮೀಟರ್ ಪ್ಯಾನೆಲಿನಲ್ಲಿ ಕಣ್ಣು ಮೂಗು ಯಾರಿಗೂ ಕಾಣುವುದಿಲ್ಲ. ವೇಷಭೂಷಣದ ಬಗ್ಗೆ ಒಂದೇ ಮಾತು: ಆ ಬಟ್ಟೆಯನ್ನು ನೀವು 80 ಸಲ ಬಿಡಿಸಬೇಕು. ಎದೆಯ ಮೇಲೆ ಹನ್ನೆರಡು ಗುಂಡಿ ಬೇಕೇ, ಯೋಚಿಸಿ.

ಹೆಜ್ಜೆ 5: ಜೊತೆಗಾರನ ಹತ್ತಿರ ಒಂದು ಹಾಳೆ ಬರೆಸಿಕೊಳ್ಳಿ

ಕತೆ ಒಬ್ಬರದು, ಚಿತ್ರ ಇನ್ನೊಬ್ಬರದಾದರೆ ಈಗಲೇ, ಸ್ನೇಹ ಚೆನ್ನಾಗಿರುವಾಗಲೇ, ಕೂತು ಬರೆದುಕೊಳ್ಳಿ. ಕ್ಲೀವ್‌ಲ್ಯಾಂಡಿನ ಹೈಸ್ಕೂಲಿನಲ್ಲಿ ಪರಿಚಯವಾದ ಜೆರ್ರಿ ಸೀಗಲ್, ಜೋ ಶೂಸ್ಟರ್ ಎಂಬಿಬ್ಬರು 1938ರಲ್ಲಿ ಸೂಪರ್‌ಮ್ಯಾನ್ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟು ಮುಂದೆ ವರ್ಷಗಟ್ಟಲೆ ಕೋರ್ಟು ಅಲೆದರು.

ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಕೃತಿ ಬರೆದವರದು, ನೋಂದಣಿ ಕಡ್ಡಾಯವಲ್ಲ. ಮಾಡಿಸುವುದಾದರೆ ಸಾಹಿತ್ಯ ಅಥವಾ ಕಲಾಕೃತಿಯೊಂದಕ್ಕೆ ಶುಲ್ಕ 500 ರೂಪಾಯಿ. ಹಕ್ಕನ್ನು ಬೇರೆಯವರಿಗೆ ವಹಿಸುವುದಾದರೆ ಅದು ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಅಂತ ತಿಳಿಯುತ್ತದೆ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಾಳೆಯಲ್ಲಿ ಇಷ್ಟಿದ್ದರೆ ಸಾಕು: ಪಾತ್ರಗಳು ಯಾರವು, ಒಬ್ಬರು ಬಿಟ್ಟುಹೋದರೆ ಇನ್ನೊಬ್ಬರು ಮುಂದುವರಿಸಬಹುದೇ, ದುಡ್ಡು ಬಂದರೆ ಹೇಗೆ ಹಂಚಿಕೆ, ಮುಖಪುಟದಲ್ಲಿ ಯಾರ ಹೆಸರು ಮೊದಲು. ಕೊನೆಯದಕ್ಕೇ ಹೆಚ್ಚು ಜಗಳ ಆಗುವುದು, ನಂಬಿ.

ಹೆಜ್ಜೆ 6: ಹಾಳೆ ಮಡಚಿ ಡಮ್ಮಿ ಮಾಡಿ

ನಾಲ್ಕು ಎ4 ಹಾಳೆ ತೆಗೆದುಕೊಂಡು ನಡುವೆ ಮಡಚಿ ಒಂದರೊಳಗೊಂದು ಸೇರಿಸಿ. ಹದಿನಾರು ಪುಟದ ಎ5 ಪುಸ್ತಕ ಸಿಕ್ಕಿತು. ನಡುವೆ ಪಿನ್ ಹೊಡೆಯುವ ಪುಸ್ತಕದ ಪುಟ ಯಾವಾಗಲೂ ನಾಲ್ಕರ ಮಡಿಯಲ್ಲಿರಬೇಕು. 18 ಪುಟದ ಕತೆ ಬರೆದರೆ ಪ್ರೆಸ್ಸಿನವರು 20 ಪುಟಕ್ಕೆ ದುಡ್ಡು ತೆಗೆದುಕೊಂಡು ಎರಡು ಖಾಲಿ ಬಿಡುತ್ತಾರೆ. ಅಮೆರಿಕದ ಮಾಸಿಕ ಕಾಮಿಕ್‌ಗಳಲ್ಲಿ ಕತೆ ಸಾಮಾನ್ಯವಾಗಿ 20ರಿಂದ 22 ಪುಟ. ದಿನಕ್ಕೊಂದು ಪುಟ ಬಿಡಿಸುವ ವೃತ್ತಿಪರರ ಲೆಕ್ಕ ಅದು. ಶನಿವಾರ ಭಾನುವಾರ ಕೂತು ವಾರಕ್ಕೊಂದು ಪುಟ ಮುಗಿಸುವವರಿಗೆ ಹದಿನಾರೇ ನಾಲ್ಕು ತಿಂಗಳ ಕೆಲಸ.

ಡಮ್ಮಿಯ ಪುಟಗಳಿಗೆ ನಂಬರ್ ಹಾಕಿ ತಿರುವಿ ನೋಡಿ. ಬೆಸ ಸಂಖ್ಯೆ ಬಲಗಡೆ, ಸಮ ಸಂಖ್ಯೆ ಎಡಗಡೆ. ಅಂದರೆ ಓದುಗನನ್ನು ಬೆಚ್ಚಿಬೀಳಿಸುವ ದೃಶ್ಯ ಸಮ ಸಂಖ್ಯೆಯ ಪುಟದಲ್ಲೇ, ಹಾಳೆ ತಿರುವಿದ ಕೂಡಲೇ ಬರಬೇಕು. ಐದನೇ ಪುಟದ ಕೊನೆಯ ಪ್ಯಾನೆಲಿನಲ್ಲಿ ಹುಡುಗ ಕಣ್ಣರಳಿಸಿ ನೋಡಲಿ, ಏನು ನೋಡಿದ ಅನ್ನುವುದು ಆರರಲ್ಲಿ. ಅದನ್ನು ಏಳನೇ ಪುಟದಲ್ಲಿಟ್ಟರೆ ಆರನ್ನು ಓದುವಾಗಲೇ ಓರೆಗಣ್ಣಿಗೆ ಬಿದ್ದು ಕೆಟ್ಟುಹೋಗುತ್ತದೆ.

ಪೆನ್ಸಿಲಿನಲ್ಲಿ ಕಡ್ಡಿಮನುಷ್ಯರನ್ನು ಹಾಕಿ ಹದಿನಾರೂ ಪುಟ ಮುಗಿಸಿ. ಪುಟಕ್ಕೆ ನಾಲ್ಕರಿಂದ ಆರು ಪ್ಯಾನೆಲ್ ಸಾಕು. ಎ5 ಸಣ್ಣ ಪುಟ.

ಹೆಜ್ಜೆ 7: ಸ್ಕ್ರಿಪ್ಟು

ಸ್ಕ್ರಿಪ್ಟಿನಲ್ಲಿ ಸಾಹಿತ್ಯ ಬೇಡ. ಚಿತ್ರ ಬಿಡಿಸುವವರಿಗೆ ಬರೆಯುವ ಪತ್ರ ಅದು. ಹೀಗೆ:

ಪುಟ 1, ಪ್ಯಾನೆಲ್ 1. ಪುಟದ ಅರ್ಧ. ಮಳೆ. ತುಂಬಿದ ಬಸ್ಸಿನ ಒಳಗೆ ಎಲ್ಲರೂ ಮಾತಾಡುತ್ತಿದ್ದಾರೆ. ಮಾತಿನ ಬಲೂನುಗಳು ಒಂದರ ಮೇಲೊಂದು ಬಿದ್ದು ಅರ್ಧ ಓದಲಿಕ್ಕಾಗುವುದಿಲ್ಲ. ಕಿಟಕಿ ಪಕ್ಕ ಕಿವಿಗೆ ಹತ್ತಿ ಇಟ್ಟುಕೊಂಡ ಹುಡುಗಿ.

ಪ್ಯಾನೆಲ್ 2. ಸಣ್ಣದು. ಕಂಡಕ್ಟರ್ ಕೈ ಮಾತ್ರ. ಕಂಡಕ್ಟರ್: “ಪಾಸ್, ಪಾಸ್... ಪಾಸ್ ತೋರ್ಸಿ.”

ಪ್ಯಾನೆಲ್ 3. ಹುಡುಗಿಯ ಮುಖ ಹತ್ತಿರದಿಂದ. ಒಂದು ಬಲೂನಿನ ಬಾಲ ಕಿಟಕಿಯಾಚೆಯಿಂದ ಬಂದಿದೆ. ದನಿ: “ಈ ಮಳೆಗಾಲ ದಾಟಲ್ಲ ಆ ಸಂಕ. ಸುಮ್ನಿರು.”

ಇಷ್ಟೇ. ಅವಳ ಶಕ್ತಿಯನ್ನು ವಿವರಿಸುವ ಒಂದು ಸಾಲೂ ಇಲ್ಲ, ಬಲೂನಿನ ಬಾಲವೇ ಹೇಳಿತು. ‘ಅವಳಿಗೆ ಹುಟ್ಟಿನಿಂದಲೇ ವಿಶೇಷ ಶಕ್ತಿಯಿತ್ತು’ ಎಂದು ಪ್ಯಾನೆಲಿನ ಮೂಲೆಯಲ್ಲಿ ಹಳದಿ ಡಬ್ಬಿಯೊಳಗೆ ವಿವರಣೆ ಬರೆಯಲು ಕೈ ತುರಿಸುತ್ತದೆ. ತಡೆದುಕೊಳ್ಳಿ.

ಮಾತು ಬರೆದ ಮೇಲೆ ಹೆಸರುಗಳನ್ನು ಮುಚ್ಚಿ ಓದಿ. ಯಾರು ಯಾವ ಮಾತಾಡಿದರು ಅಂತ ತಿಳಿಯದಿದ್ದರೆ ನಾಲ್ವರೂ ಒಬ್ಬರೇ. ಇಲ್ಲಿ ಕನ್ನಡದಲ್ಲಿ ಬರೆಯುವವರ ಕೈಗೆ ಒಂದು ಸಂಪತ್ತೇ ಇದೆ. ಸಾಗರದ ಕಡೆಯವಳು “ಎಂತ ಮಾಡ್ತಿದ್ಯಾ?” ಅಂದರೆ ಧಾರವಾಡದಿಂದ ವರ್ಗವಾಗಿ ಬಂದವಳು “ಏನ್ ಮಾಡಾಕತ್ತೀ?” ಅನ್ನುತ್ತಾಳೆ. ಎಲ್ಲರೂ ಮರೆಯುವ ಹುಡುಗಿಯ ಮಾತೇ ಎಲ್ಲರಿಗಿಂತ ಎದ್ದು ಕೇಳಿಸುತ್ತದೆ. ಇದನ್ನು ನಾನು ಯೋಜನೆ ಹಾಕಿ ಮಾಡಿದ್ದಲ್ಲ, ಬರೆಯುತ್ತಾ ಸಿಕ್ಕಿದ್ದು. ನಿಮಗೆ ಬಾರದ ಕಡೆಯ ಮಾತನ್ನು ಮಾತ್ರ ಆ ಕಡೆಯವರೊಬ್ಬರಿಗೆ ಓದಿಸದೆ ಅಚ್ಚಿಗೆ ಕೊಡಬೇಡಿ.

ಹೆಜ್ಜೆ 8: ಅಕ್ಷರ ಮೊದಲು ಕೂರಿಸಿ, ಚಿತ್ರ ಆಮೇಲೆ

ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದಿದ್ದು ಇಲ್ಲಿ, ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ.

ಇಂಗ್ಲಿಷ್ ಕಾಮಿಕ್‌ಗಳಲ್ಲಿ ಸಾಮಾನ್ಯವಾಗಿ ಎಲ್ಲವೂ ದೊಡ್ಡಕ್ಷರ. ಮೇಲೆ ಕೆಳಗೆ ಏನೂ ಚಾಚುವುದಿಲ್ಲ, ಸಾಲುಗಳು ಇಟ್ಟಿಗೆಯ ಹಾಗೆ ಒಂದರ ಮೇಲೊಂದು ಕೂರುತ್ತವೆ. ಕನ್ನಡದಲ್ಲಿ ಮೇಲೆ ಗುಣಿತ, ಕೆಳಗೆ ಒತ್ತು. ಸಾಲುಗಳ ಅಂತರ ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಸಾಲದ್ದಕ್ಕೆ ನಮ್ಮ ಪದಗಳು ಉದ್ದ. ‘ಹೋಗಬೇಕಾಗಿತ್ತಲ್ಲವೇ’ ಅನ್ನುವುದು ಒಂದೇ ಪದ. ಬಲೂನಿನ ಅಗಲವನ್ನು ತೀರ್ಮಾನಿಸುವುದು ಅದರೊಳಗಿನ ಅತಿ ಉದ್ದದ ಪದ. ಇಂಗ್ಲಿಷ್ ಬಲೂನಿನ ಅಳತೆಯಲ್ಲಿ ಜಾಗ ಬಿಟ್ಟು ಚಿತ್ರ ಮುಗಿಸಿದರೆ ಆಮೇಲೆ ಹೀರೋ ತಲೆಯ ಮೇಲೇ ಬಲೂನು ಕೂರಿಸಬೇಕಾಗುತ್ತದೆ. ನಾವು ಕೂರಿಸಿದ್ದೇವೆ.

ಆದ್ದರಿಂದ ಡಮ್ಮಿಯ ಚಿತ್ರವನ್ನು ಸ್ಕ್ಯಾನ್ ಮಾಡಿ, ಅದರ ಮೇಲೆ ನಿಜವಾದ ಫಾಂಟಿನಲ್ಲಿ, ನಿಜವಾದ ಗಾತ್ರದಲ್ಲಿ ಮಾತು ಕೂರಿಸಿ, ಬಲೂನು ಎಳೆದು, ಉಳಿದ ಜಾಗದಲ್ಲಿ ಚಿತ್ರ ಬರೆಯಿರಿ. ಒಂದು ಬಲೂನಿಗೆ ಹತ್ತು ಹನ್ನೆರಡು ಪದ ಮೀರದಿದ್ದರೆ ಒಳ್ಳೆಯದು. ಆಡುಮಾತಿನಲ್ಲಿ ಬರೆದರೆ ಜಾಗವೂ ಉಳಿಯುತ್ತದೆ: ‘ಹೋಗಬೇಕಾಗಿತ್ತಲ್ಲವೇ’ ಬದಲು ‘ಹೋಗ್ಬೇಕಿತ್ತಲ್ವಾ’. ಎ5 ಪುಟದಲ್ಲಿ 8 ಪಾಯಿಂಟಿಗಿಂತ ಸಣ್ಣ ಅಕ್ಷರ ಬೇಡ, ಒತ್ತಿನ ಹೊಟ್ಟೆ ಮುಚ್ಚಿಹೋಗುತ್ತದೆ.

ಒತ್ತಿ ಹೇಳುವ ಪದವನ್ನು ಇಂಗ್ಲಿಷಿನವರು ದಪ್ಪ ಮಾಡಿ ಓರೆ ಮಾಡುತ್ತಾರೆ. ಕನ್ನಡದ ದುಂಡಕ್ಷರ ಓರೆ ಮಾಡಿದರೆ ಬೀಳುವ ಮಡಕೆಯ ಹಾಗೆ ಕಾಣುತ್ತದೆ. ಗಾತ್ರ ಸ್ವಲ್ಪ ಹಿಗ್ಗಿಸಿ, ಸಾಕು.

ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ, ಅಚ್ಚು ಹಾಕಿ ಮಾರಲೂ ಅಡ್ಡಿಯಿಲ್ಲದ ಕನ್ನಡ ಫಾಂಟುಗಳಿವೆ. ಮಾತಿಗೆ ‘ಹುಬ್ಬಳ್ಳಿ’ ತೆಳುವಾಗಿ ಚೆನ್ನ. ‘ಬಲೂ ತಮ್ಮ’ ಕೂಗಿ ಹೇಳುವ ಮಾತಿಗೆ ಹೇಳಿ ಮಾಡಿಸಿದಂತಿದೆ. ಶೀರ್ಷಿಕೆಗೆ ‘ಅಕಾಯ ಕನಡಕ’ ನೋಡಿ.

ತಂತ್ರಾಂಶದ ಮಾತು. ಇಂಕ್‌ಸ್ಕೇಪ್ ಉಚಿತ, ಯೂನಿಕೋಡ್ ಕನ್ನಡದ ಒತ್ತಕ್ಷರ ಅದರಲ್ಲಿ ಸರಿಯಾಗಿ ಕೂಡುತ್ತದೆ. ಚಿತ್ರಕ್ಕೆ ಕ್ರಿತಾ ಬಳಸಿ, ಅಕ್ಷರಕ್ಕೆ ಇಂಕ್‌ಸ್ಕೇಪಿಗೆ ಬನ್ನಿ. ಇಲಸ್ಟ್ರೇಟರ್ ಇದ್ದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಇಂಡಿಕ್ ಆಯ್ಕೆಗಳನ್ನು ತೋರಿಸುವ ಗುಂಡಿ ಒತ್ತಿ. ಇನ್‌ಡಿಸೈನ್‌ನಲ್ಲಾದರೆ ಪ್ಯಾರಾಗ್ರಾಫಿಗೆ ‘ವರ್ಲ್ಡ್-ರೆಡಿ’ ಕಂಪೋಸರ್ ಆರಿಸಿ. ಆಮೇಲೆ ಈ ಐದು ಪದ ಟೈಪ್ ಮಾಡಿ: ಸ್ತ್ರೀ, ರಾಷ್ಟ್ರ, ಕರ್ಣ, ಲಕ್ಷ್ಮಿ, ಜ್ಞಾನ. ಐದೂ ಸರಿ ಬಂದರೆ ಮುಂದೆ ಹೋಗಿ.

ನಾವು ಈ ಪರೀಕ್ಷೆ ಮಾಡಲಿಲ್ಲ. ಅಕ್ಷರಗಳನ್ನು ಆಕಾರವಾಗಿ ಬದಲಾಯಿಸದೆ ಫೈಲು ಕೊಟ್ಟೆವು, ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಮುಖಪುಟದ ಮೇಲಿನ ‘ಶಕ್ತಿ’ಯ ತ ಒತ್ತು ಕಳಚಿ ‘ಶಕ್‌ತಿ’ ಆಗಿ ನೂರು ಪ್ರತಿ ಬಂತು. ಒಂದೊಂದಕ್ಕೂ ಸ್ಟಿಕ್ಕರ್ ಅಂಟಿಸಿದೆವು. ಅಚ್ಚಿಗೆ ಕೊಡುವ ಮುನ್ನ ಎಲ್ಲ ಅಕ್ಷರವನ್ನೂ ‘ಪಾತ್’ ಅಥವಾ ‘ಔಟ್‌ಲೈನ್’ ಮಾಡಿ. ಮೂಲ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ, ಔಟ್‌ಲೈನ್ ಆದ ಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ.

ಸದ್ದಿನ ವಿಷಯ. ದಯವಿಟ್ಟು ‘ಬೂಮ್’, ‘ಕ್ರ್ಯಾಶ್’ ಬರೆಯಬೇಡಿ. ಅನುಕರಣ ಶಬ್ದಗಳಲ್ಲಿ ಕನ್ನಡಕ್ಕೆ ಬಡತನವೇ ಇಲ್ಲ. ಒಂದೇ ದೊಡ್ಡ ಪೆಟ್ಟಾದರೆ ‘ಢಮಾರ್’, ‘ಫಟೀರ್’, ‘ಧಡಾರ್’. ಮುಂದುವರಿಯುವ ಸದ್ದಾದರೆ ಜೋಡಿ: ‘ದಬದಬ’, ‘ಚಟಪಟ’, ‘ಗುಡುಗುಡು’. ಒದ್ದೆಯಾದದ್ದು ಬಿದ್ದರೆ ‘ತಪಕ್’, ನೀರಿಗೆ ಬಿದ್ದರೆ ‘ದುಡುಂ’, ಕಾವಲಿಗೆ ನೀರು ಚಿಮುಕಿಸಿದರೆ ‘ಚುಯ್ಯ್’. ಬಂಡೆಯಾದ ಹುಡುಗ ಕೆಸರಿನಲ್ಲಿ ಕಾಲಿಟ್ಟರೆ ಏನು ಸದ್ದು? ನಾವು ಅರ್ಧ ದಿನ ತಲೆ ಕೆಡಿಸಿಕೊಂಡು ‘ಧಸಕ್’ ಅಂತ ಮಾಡಿದೆವು, ಇಡೀ ಸಂಚಿಕೆಯಲ್ಲಿ ನನಗೆ ಇವತ್ತಿಗೂ ಹಿತವೆನಿಸುವುದು ಅದೊಂದೇ. ಈ ಅಕ್ಷರಗಳನ್ನು ಫಾಂಟಿನಿಂದ ತೆಗೆಯದೆ ಕೈಯಲ್ಲೇ, ಚಿತ್ರದ ಭಾಗವಾಗಿ ಬರೆಯಿರಿ.

ಹೆಜ್ಜೆ 9: ಬಿಡಿಸಿ, ಸ್ಕ್ಯಾನ್ ಮಾಡಿ

ಎ5ಕ್ಕೆ ಅಚ್ಚಾಗುವುದನ್ನು ಎ4ರಲ್ಲಿ ಬಿಡಿಸಿ. ಕುಗ್ಗಿದಾಗ ಕೈ ನಡುಗಿದ್ದು ಮುಚ್ಚಿಹೋಗುತ್ತದೆ, ಆದರೆ ಕೂದಲೆಳೆಯಂಥ ಗೆರೆಗಳೂ ಮಾಯವಾಗುತ್ತವೆ. ಕಪ್ಪು ಗೆರೆಯ ಚಿತ್ರವನ್ನು 600 ಡಿಪಿಐ, ಬಣ್ಣದ್ದನ್ನು 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ. ಮೊಬೈಲ್ ಫೋಟೋ ಅಂಚಿನಲ್ಲಿ ಬಾಗುತ್ತದೆ, ಬೇಡ. ಮೊದಲ ಸಂಚಿಕೆ ಒಳಗೆ ಕಪ್ಪು ಬಿಳುಪು, ಮುಖಪುಟಕ್ಕೆ ಮಾತ್ರ ಬಣ್ಣ ಇರಲಿ, ಅರ್ಧಕ್ಕರ್ಧ ಸಮಯ ಉಳಿಯುತ್ತದೆ.

ಒಂದನೇ ಪುಟದಿಂದ ಶುರು ಮಾಡಬೇಡಿ. ನಡುವಿನ ಪುಟಗಳಿಂದ ಶುರು ಮಾಡಿ. ಹದಿನಾರು ಪುಟ ಬಿಡಿಸುವಷ್ಟರಲ್ಲಿ ಕೈ ಪಳಗುತ್ತದೆ, ಮೊದಲ ಪುಟ ಆ ಪಳಗಿದ ಕೈಯಿಂದ ಬರಲಿ.

ಹೆಜ್ಜೆ 10: ಪ್ರೆಸ್ಸು

ಒಳಗೆ 90 ಅಥವಾ 100 ಜಿಎಸ್‌ಎಂ ಮ್ಯಾಪ್‌ಲಿಥೋ, ಹೊರಗೆ 250 ಜಿಎಸ್‌ಎಂ ಆರ್ಟ್ ಕಾರ್ಡ್, ನಡುವೆ ಪಿನ್ ಹೊಡೆಯುವ ಸೆಂಟರ್ ಪಿನ್ನಿಂಗ್ ಅಂತ ಹೇಳಿ (ಜಿಎಸ್‌ಎಂ ಅಂದರೆ ಕಾಗದದ ತೂಕದ ಅಳತೆ). ಚಿತ್ರ ಅಂಚಿನವರೆಗೂ ಹೋಗುವುದಾದರೆ ಸುತ್ತ 3 ಮಿಲಿಮೀಟರ್ ಹೆಚ್ಚು ಬಿಡಿಸಿ, ಅದು ಕತ್ತರಿಸಿ ಹೋಗಲು. ಬಲೂನುಗಳು ಅಂಚಿನಿಂದ 5 ಮಿಲಿಮೀಟರಾದರೂ ಒಳಗಿರಲಿ. ಬಣ್ಣ ಸಿಎಂವೈಕೆ (ಅಚ್ಚಿನ ನಾಲ್ಕು ಶಾಯಿಯ ಲೆಕ್ಕ), ಫೈಲು ಪಿಡಿಎಫ್. 50, 100, 500 ಪ್ರತಿಗೆ ಬೇರೆ ಬೇರೆ ದರ ಕೇಳಿ. ಕೆಲವೇ ಪ್ರತಿಗೆ ಡಿಜಿಟಲ್ ಅಗ್ಗ, ಸಂಖ್ಯೆ ಏರಿದಂತೆ ಆಫ್‌ಸೆಟ್ ಅಗ್ಗ. ಒಂದೇ ಒಂದು ಪ್ರತಿ ಮೊದಲು ತೆಗೆಸಿ, ಕತೆ ಗೊತ್ತಿಲ್ಲದ ಯಾರಿಗಾದರೂ ಜೋರಾಗಿ ಓದಲು ಕೊಡಿ. ಕಾಗುಣಿತದ ತಪ್ಪು ಕಿವಿಗೆ ಬೇಗ ಸಿಗುತ್ತದೆ.

‘ಸೂಪರ್ ಹೀರೋ’ ಎಂಬ ಪದವನ್ನು ಮುಖಪುಟದಲ್ಲಿ ಹಾಕಬಹುದೇ ಅಂತ ಕೆಲವರು ಕೇಳುತ್ತಾರೆ. ಅಮೆರಿಕದಲ್ಲಿ ಆ ಪದದ ಟ್ರೇಡ್‌ಮಾರ್ಕ್ ಮಾರ್ವೆಲ್ ಮತ್ತು ಡಿಸಿ ಜಂಟಿಯಾಗಿ ಇಟ್ಟುಕೊಂಡಿದ್ದವು, 2024ರಲ್ಲಿ ಅಲ್ಲಿನ ಟ್ರೇಡ್‌ಮಾರ್ಕ್ ಮಂಡಳಿ ಅದನ್ನು ರದ್ದು ಮಾಡಿತು. ನನ್ನ ಅಭಿಪ್ರಾಯ ಕೇಳಿದರೆ ಆ ಪದವೇ ಬೇಡ. ಸಂಕದ ಮೇಲೆ ನಿಂತ ನಾಲ್ಕು ಮಕ್ಕಳ ಚಿತ್ರವಿದ್ದರೆ ಸಾಕು.

ಹೆಜ್ಜೆ 11: ಕೈಗೆ ಕೊಟ್ಟು ಸುಮ್ಮನೆ ನೋಡಿ

‘ಕನ್ನಡದಲ್ಲಿ ಕಾಮಿಕ್ ಯಾರು ಓದ್ತಾರೆ?’ ಅಂತ ಕೇಳುವ ದೊಡ್ಡಪ್ಪ ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅಮರ ಚಿತ್ರ ಕಥೆಯ ಮೊದಲ ಹತ್ತು ಸಂಚಿಕೆ ಬಂದಿದ್ದು ಕನ್ನಡದಲ್ಲಿ, ಇಂಗ್ಲಿಷ್ ಶುರುವಾಗಿದ್ದು ಹನ್ನೊಂದನೆಯದರಿಂದ. ಅದನ್ನು ಕಟ್ಟಿ ಬೆಳೆಸಿದ ಅನಂತ ಪೈ ಕಾರ್ಕಳದವರು. ಇಷ್ಟು ಹೇಳಿ ಕಾಫಿ ಕೊಟ್ಟುಬಿಡಿ.

ಮೊದಲ ಪ್ರತಿಗಳು ಹೋಗಬೇಕಾದ್ದು ಹನ್ನೆರಡರಿಂದ ಹದಿನಾರು ವರ್ಷದವರ ಕೈಗೆ. ಹೇಗಿದೆ ಅಂತ ಕೇಳಬೇಡಿ, ಸೂಪರ್ ಅಂಕಲ್ ಅನ್ನುತ್ತಾರೆ. ಓದುವಾಗ ಕೈ ನೋಡಿ. ಯಾವ ಪುಟದಲ್ಲಿ ಹಿಂದಕ್ಕೆ ತಿರುವಿದರು, ಅಲ್ಲಿ ಪ್ಯಾನೆಲಿನ ಕ್ರಮ ಗೊಂದಲವಾಗಿದೆ. ಯಾವ ಬಲೂನನ್ನು ಹಾರಿಸಿದರು, ಅದು ಉದ್ದವಾಗಿದೆ. ಡಮ್ಮಿಯ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ. ನಮ್ಮ ಒಂಬತ್ತನೇ ಪುಟದಲ್ಲಿ ಆರು ಗುರುತು ಬಿತ್ತು, ಅದೇ ಪುಟ ನಮಗೆ ಭಾರೀ ಇಷ್ಟವಾಗಿತ್ತು.

ಕೊನೆಯ ಪುಟ ಮುಗಿಸಿದ ಕೂಡಲೇ ಅವರು ಕೇಳುವ ಮೊದಲ ಪ್ರಶ್ನೆಯನ್ನು ಇದ್ದದ್ದಿದ್ದಂತೆ ಬರೆದಿಟ್ಟುಕೊಳ್ಳಿ. ನಮಗೆ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದ್ದು ಸಂಕದ ಬಗ್ಗೆಯಲ್ಲ. “ಆ ಧಾರವಾಡದ ಅಕ್ಕನ್ನ ಅವಳ ಅಮ್ಮನೂ ಮರೀತಾರಾ?” ಎರಡನೇ ಸಂಚಿಕೆಯ ಡಮ್ಮಿ ಅದೇ ರಾತ್ರಿ ಮಡಚಿದೆವು.